ಮೂರನೇ ಚೌಕ

ನಮ್ಮ ಕನ್ನಡ ಒಕ್ಕೂಟದ ನಿಯಮಾವಳಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದವರು ಇಬ್ಬರೇ. ಒಬ್ಬ, ಅದನ್ನು ಬರೆದ ನಾನು. ಇನ್ನೊಬ್ಬಾಕೆ ಡೆಟ್ರಾಯಿಟ್ ಬಳಿ ಡಿಯರ್‌ಬಾರ್ನಿನ ಪಕ್ಕದ ಟೌನ್‌ಶಿಪ್ಪಿನಲ್ಲಿದ್ದು ನಮಗೆಲ್ಲ ಜೋಳದ ರೊಟ್ಟಿ ಮಾಡಿಕೊಡುವ ರಾಣೆಬೆನ್ನೂರಿನ ಹೆಣ್ಣುಮಗಳು. ಉಳಿದ ನಲವತ್ತು ಚಿಲ್ಲರೆ ಕುಟುಂಬಗಳು ಫೋನಿಗೆ ಬಂದ ಕಡತವನ್ನು ಬೆರಳಿನಿಂದ ಸರ್ರನೆ ಕೆಳಗೆಳೆದು ಸಹಿ ಹಾಕಿ ಕೈ ತೊಳೆದುಕೊಂಡವು. ಪಿಕ್ನಿಕ್ಕಿಗೆ ಚಿತ್ರಾನ್ನವೋ ಪುಳಿಯೋಗರೆಯೋ ಎಂಬುದರ ಬಗ್ಗೆ ಎರಡು ದಿನ ಸಂದೇಶಗಳು ಹಾರಾಡಿದವು. ನಿಯಮಾವಳಿಯ ಬಗ್ಗೆ ಒಂದೂ ಬರಲಿಲ್ಲ.

ಒಕ್ಕೂಟ ಎಂದರೆ ಏನೋ ದೊಡ್ಡದಿರಬೇಕು ಅಂದುಕೊಳ್ಳಬೇಡಿ. ಶಿಕಾಗೊ ಕಡೆಯದೊಂದು ಸಣ್ಣ ಗುಂಪು, ಡೆಟ್ರಾಯಿಟ್ ಕಡೆಯದೊಂದು ಸಣ್ಣ ಗುಂಪು, ಎರಡೂ ಸೊರಗುತ್ತಿದ್ದವು, ಒಂದಾದವು. ಒಂದಾದ ದಿನದಿಂದಲೇ ಜಗಳ. ಪಿಕ್ನಿಕ್ ಯಾರ ಊರಿನಲ್ಲಿ ಎಂಬುದೇ ಆರು ತಿಂಗಳು ನಡೆಯಿತು. ಕೊನೆಗೆ ಇಬ್ಬರಿಗೂ ಅರ್ಧ ದಾರಿಯಾಗುವ ಕಲಮಜೂ ಊರಿನ ಪಾರ್ಕೊಂದರಲ್ಲಿ ಮಾಡುವುದೆಂದಾಯಿತು, ಎರಡು ಕಡೆಯವರಿಗೂ ಸಮನಾಗಿ ಬೇಸರವಾಯಿತು. ಶಿಕಾಗೊದ ಗಡಿಯಾರ ಡೆಟ್ರಾಯಿಟ್‌ಗಿಂತ ಒಂದು ಗಂಟೆ ಹಿಂದೆ ಎನ್ನುವುದನ್ನು ನಮ್ಮ ಶಿಕಾಗೊ ಕಡೆಯವರು ಪ್ರತಿವರ್ಷ ಮರೆತು, ಊಟ ಮುಗಿದ ಮೇಲೆ ಬಂದು, ಕೋಸಂಬರಿ ಇಲ್ಲವೆಂದು ಸಿಡುಕುವುದು ಬೇರೆ.

ನಾನು ಹದಿನಾಲ್ಕು ವರ್ಷ ಡಿಯರ್‌ಬಾರ್ನಿನ ಕಾರು ಕಂಪನಿಯಲ್ಲಿ ಕ್ವಾಲಿಟಿ ಇಂಜಿನಿಯರಾಗಿದ್ದು ಆಮೇಲೆ ಅದೇ ಕೆಲಸಕ್ಕೆ ಶಿಕಾಗೊ ಪಕ್ಕದ ಲಿಸ್ಲ್‌ಗೆ ಬಂದವನು. ಹಾಗಾಗಿ ಎರಡು ಗುಂಪಿನವರೂ ನನ್ನನ್ನು ತಮ್ಮವನೆಂದುಕೊಂಡಿದ್ದರು, ಯಾರೂ ಪೂರ್ತಿ ನಂಬುತ್ತಿರಲಿಲ್ಲ. ಅವರು ಫೋನ್ ಮಾಡಿ ಇವರನ್ನು ಬೈಯುವುದು, ಇವರು ಫೋನ್ ಮಾಡಿ ಅವರನ್ನು ಬೈಯುವುದು, ನಾನು ಹೂಂ ಹೂಂ ಎನ್ನುವುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವುದನ್ನು ನಾನು ಇಷ್ಟು ವರ್ಷ ಶಿಸ್ತಿನಿಂದ ಪಾಲಿಸಿಕೊಂಡು ಬಂದಿದ್ದೇನೆ. ಅದಕ್ಕೇ ನಿಯಮಾವಳಿ ಬರೆಯುವ ಕೆಲಸ ನನ್ನ ತಲೆಗೆ ಬಂತು.

ಒಂಬತ್ತನೇ ಕಲಮು ನನ್ನ ಮಗಳಿಂದ ಬಂದದ್ದು. ಅವಳು ಓದಿದ್ದು ರಾಜ್ಯಶಾಸ್ತ್ರ. ಯುರೋಪಿಯನ್ ಒಕ್ಕೂಟದೊಳಗಿನ ತಟಸ್ಥ ದೇಶಗಳ ಬಗ್ಗೆ ಎರಡು ವರ್ಷ ಕೂತು ಪ್ರಬಂಧ ಬರೆದಿದ್ದಾಳೆ. ಇಲ್ಲೇ ಹುಟ್ಟಿದವಳು, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಇಲ್ಲಿ ಅವಳ ಮಾತನ್ನು ಕನ್ನಡಕ್ಕೆ ತಂದವನು ನಾನು, ತಪ್ಪಿದ್ದರೆ ನನ್ನದು. ಯಾರ ಮನೆಯಲ್ಲಾದರೂ ಸಾವುನೋವಾದರೆ ಎಲ್ಲರೂ ಬರಬೇಕು ಎಂದು ಗಂಭೀರವಾಗಿ ಬರೆಯುವುದು ಹೇಗೆ ಎಂದು ಅವಳನ್ನು ಕೇಳಿದೆ.

ಅವಳು ಲ್ಯಾಪ್‌ಟಾಪ್ ತಿರುಗಿಸಿ ಯುರೋಪಿನವರ ಒಪ್ಪಂದದ ಒಂದು ಸಾಲು ತೋರಿಸಿದಳು. ಒಕ್ಕೂಟದ ಒಂದು ದೇಶದ ನೆಲದ ಮೇಲೆ ದಾಳಿಯಾದರೆ ಉಳಿದ ದೇಶಗಳು ತಮ್ಮ ಕೈಲಾದ ಎಲ್ಲ ರೀತಿಯಲ್ಲೂ ನೆರವಾಗಬೇಕು. ಚೆನ್ನಾಗಿದೆ ಎಂದೆ. ಆದರೆ ನನ್ನ ಬುದ್ಧಿ ಕೇಳಬೇಕಲ್ಲ.

"ಬರಕ್ಕಾಗಲ್ಲ ಅನ್ನೋವ್ರಿಗೆ ಏನೂ ಇಲ್ವಾ ಇದ್ರಲ್ಲಿ?"

ಅವಳು ನಕ್ಕು ಅದರ ಮುಂದಿನ ವಾಕ್ಯ ತೋರಿಸಿದಳು. ಇದರಿಂದ ಕೆಲವು ದೇಶಗಳ ರಕ್ಷಣಾ ನೀತಿಯ ವಿಶಿಷ್ಟ ಸ್ವರೂಪಕ್ಕೆ ಧಕ್ಕೆಯಾಗಬಾರದು. ಐರ್ಲೆಂಡ್, ಆಸ್ಟ್ರಿಯಾ, ಮಾಲ್ಟಾ ಇಂಥವರಿಗಾಗಿ ಇಟ್ಟದ್ದು, ಅವು ತಟಸ್ಥ ದೇಶಗಳು ಎಂದಳು. ಸ್ವೀಡನ್ನೂ ಫಿನ್ಲೆಂಡೂ ಯಾವುದೇ ಸೇನಾಕೂಟಕ್ಕೆ ಸೇರದೆ ಹೊರಗೇ ಇದ್ದವಂತೆ, ಉಕ್ರೇನಿನ ಯುದ್ಧ ನೋಡಿದ ಮೇಲೆ ಸೇರಿಕೊಂಡವಂತೆ.

"ಒಕ್ಕೂಟದಲ್ಲೂ ಇರ್ಬೇಕು, ಜಗಳಕ್ಕೂ ಹೋಗ್ಬಾರ್ದು. ಬುದ್ಧಿವಂತ್ರು ಕಣಮ್ಮ," ಎಂದೆ.

"ಅಷ್ಟು ಸುಲಭ ಅಲ್ಲಪ್ಪ. ಸೈನ್ಯ ಕಳಿಸೋದಿಲ್ಲ ಅಂದರೆ ಏನೂ ಮಾಡೋದಿಲ್ಲ ಅಂತ ಅರ್ಥ ಅಲ್ಲ. ಔಷಧ ಕಳಿಸಬಹುದು, ನಿರಾಶ್ರಿತರನ್ನ ಕರ್ಕೊಳ್ಳಬಹುದು. ಎಷ್ಟು ಮಾಡಿದರೆ ಸಾಕು ಅಂತ ಅವರವರಲ್ಲೇ ವರ್ಷಗಟ್ಟಲೆ ವಾದ ಇದೆ. ಬೇರೆಯವರ ಕೊಡೆ ಕೆಳಗೆ ನಿಂತ್ಕೊಂಡು ನಾನು ನೆನೆಯೋದಿಲ್ಲ ಅಂತಿದೀರಿ ಅಂತ ಬೈಯೋರೂ ಇದಾರೆ," ಎಂದಳು. ಇನ್ನೂ ಹೇಳುತ್ತಿದ್ದಳು, ನಾನು ಅಷ್ಟರಲ್ಲಿ ಎರಡೂ ವಾಕ್ಯಗಳನ್ನು ಕನ್ನಡಕ್ಕೆ ಇಳಿಸಿಕೊಂಡಾಗಿತ್ತು.

ಹೀಗೆ ಒಂಬತ್ತನೇ ಕಲಮು ತಯಾರಾಯಿತು. ಒಕ್ಕೂಟದ ಯಾವುದೇ ಕುಟುಂಬಕ್ಕೆ ಕಷ್ಟ ಬಂದಲ್ಲಿ ಉಳಿದ ಕುಟುಂಬಗಳು ತಮ್ಮ ಕೈಲಾದ ಎಲ್ಲ ರೀತಿಯಲ್ಲೂ ನೆರವಾಗತಕ್ಕದ್ದು. ಆದರೆ ಇದರಿಂದ ಕೆಲವು ಕುಟುಂಬಗಳ ವಿಶಿಷ್ಟ ಸ್ವರೂಪಕ್ಕೆ ಧಕ್ಕೆಯಾಗತಕ್ಕದ್ದಲ್ಲ. ಎರಡನೇ ವಾಕ್ಯವನ್ನು ನಾನು ನನಗೋಸ್ಕರವೇ ಹಾಕಿಕೊಂಡೆ. ಶಿಕಾಗೊ-ಡೆಟ್ರಾಯಿಟ್ ಜಗಳದಲ್ಲಿ ಯಾರಾದರೂ ನನ್ನನ್ನು ಎಳೆದರೆ ತೋರಿಸಲು ಒಂದು ಚೀಟಿ ಇರಲಿ ಎಂದು. ಜಂಬವೂ ಆಯಿತು, ಸುಳ್ಳೇಕೆ ಹೇಳಲಿ. ಯುರೋಪಿನ ಒಪ್ಪಂದ ನಮ್ಮ ಚಿತ್ರಾನ್ನದ ಒಕ್ಕೂಟಕ್ಕೆ ಬಂದಿತ್ತು.

ಎರಡು ವರ್ಷ ಆ ಕಲಮು ನಿದ್ದೆ ಮಾಡಿತು. ಎಬ್ಬಿಸಿದವಳು ರಾಣೆಬೆನ್ನೂರಿನಾಕೆ.

ಆಕೆಯ ಮನೆಯಲ್ಲಿ ಉರ್ದು, ಹೊರಗೆ ಗಟ್ಟಿ ಹಾವೇರಿ ಕನ್ನಡ. ಇಪ್ಪತ್ತು ವರ್ಷದಿಂದ ತನ್ನ ಮನೆಯ ಅಡಿಗೆಕಟ್ಟೆಯ ಮೇಲೆ ರೊಟ್ಟಿ ಬಡಿಯುತ್ತ ಬಂದಿದ್ದಳು. ಮದುವೆ, ಗೃಹಪ್ರವೇಶ, ಬಸವ ಜಯಂತಿ, ಈದ್, ಎಲ್ಲಕ್ಕೂ ಆಕೆಯದೇ ರೊಟ್ಟಿ, ಆಕೆಯದೇ ಶೇಂಗಾ ಚಟ್ನಿ. ಮಕ್ಕಳು ದೊಡ್ಡವರಾದ ಮೇಲೆ ತಮ್ಮ ಬಡಾವಣೆಯ ಮೂಲೆಯಲ್ಲಿ ಮುಚ್ಚಿಹೋಗಿದ್ದ ಇಸ್ತ್ರಿ ಅಂಗಡಿಯಲ್ಲಿ ರೊಟ್ಟಿ ಅಂಗಡಿ ಇಡಬೇಕೆಂದು ಮನಸ್ಸು ಮಾಡಿದಳು. ತನ್ನ ಹೆಸರಿನಲ್ಲಿ ಇಡೀ ಜೀವನದಲ್ಲಿ ಮೊದಲ ಬಾರಿ ಏನಾದರೂ ಮಾಡುತ್ತಿದ್ದಳು. ಆದರೆ ಅಲ್ಲಿ ಅಡಿಗೆ ಮಾಡಲು ಟೌನ್‌ಶಿಪ್ಪಿನ ಆಡಳಿತದ ವಿಶೇಷ ಪರವಾನಗಿ ಬೇಕಿತ್ತು, ಪರವಾನಗಿಗೆ ಸಾರ್ವಜನಿಕ ವಿಚಾರಣೆ. ವಿಚಾರಣೆಯವರೆಗೆ ಮಾತ್ರ ಜಾಗ ಹಿಡಿದಿಡುತ್ತೇನೆ, ಸಿಗದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದು ಕಟ್ಟಡದ ಮಾಲೀಕ ಹೇಳಿದ್ದ. ಅಕ್ಕಪಕ್ಕದವರು ಆಗಲೇ ವಿರೋಧದ ಪತ್ರ ಹಾಕಿದ್ದರು. ಕಾರು ಹೆಚ್ಚಾಗುತ್ತವಂತೆ, ವಾಸನೆ ಬರುತ್ತದಂತೆ.

ಆಕೆ ಒಕ್ಕೂಟದ ಗುಂಪಿಗೆ ಹಾಕಿದ ಸಂದೇಶ ನನಗೆ ಇನ್ನೂ ನೆನಪಿದೆ. "ಒಂಬತ್ತನೇ ಕಲಮಿನ ಪ್ರಕಾರ ನಿಮ್ಮ ನೆರವು ಬೇಕಾಗೇತ್ರಿ. ವಿಚಾರಣೆ ದಿನ ಬಂದು ಮೂರು ಮಿನಿಟ ಮಾತಾಡ್ರಿ. ಮಾತಾಡಾಕ ಆಗ್ಲಿಲ್ಲಂದ್ರ ಅಲ್ಲೇ ಒಂದು ಕಾರ್ಡ್ ಕೊಡ್ತಾರ, ತುಂಬಿದ್ರೂ ನಡೀತೈತಿ." ಅದರ ಕೆಳಗೆ ನಲವತ್ತು ಕೈಮುಗಿದ ಚಿತ್ರಗಳು ಬಂದವು. ಆಮೇಲೆ ಯಾರೋ ಸುಪ್ರಭಾತದ ಹೂವಿನ ಚಿತ್ರ ಹಾಕಿದರು, ಮಾತು ಮುಳುಗಿತು.

ಭಾನುವಾರ ಬೆಳಿಗ್ಗೆ ಸಮಿತಿಯ ವಿಡಿಯೊ ಸಭೆ ಕರೆದೆವು. ನಮ್ಮ ಅಧ್ಯಕ್ಷರು ಶಿಕಾಗೊ ಕಡೆಯ ಓಕ್ ಬ್ರೂಕಿನವರು, ದೊಡ್ಡ ಹುದ್ದೆಯಲ್ಲಿದ್ದವರು, ಯಾವಾಗಲೂ ಪುಸ್ತಕದ ಕಪಾಟಿನ ಮುಂದೆ ಕೂತು ಮಾತಾಡುವವರು.

"ಇದು ಝೋನಿಂಗ್, ಎಲ್ಲಿ ಮನೆ ಎಲ್ಲಿ ಅಂಗಡಿ ಅನ್ನೋ ವಿಷ್ಯ. ನಾಳೆ ಪೊಲಿಟಿಕಲ್ ಆಗತ್ತೆ. ನಮ್ದು ಕಲ್ಚರಲ್ ಆರ್ಗನೈಸೇಷನ್," ಎಂದರು.

ಡೆಟ್ರಾಯಿಟ್ ಕಡೆಯ ಕಾರ್ಯದರ್ಶಿ ಹೇಳಿದ, "ನಾವು ಇಲ್ಲೇ ಇರ್ಬೇಕಲ್ವಾ? ದಿನಾ ಅವ್ರ ಮುಖ ನೋಡ್ಬೇಕು. ಶಿಕಾಗೊದವ್ರು ಬಂದು ಮಾತಾಡ್ಲಿ, ಅವ್ರಿಗೇನು."

ಅಧ್ಯಕ್ಷರಿಗೆ ಇದು ಸರಿಬರಲಿಲ್ಲ. "ಲೋಕಲ್ ಇಶ್ಯೂಗೆ ಲೋಕಲ್ ಜನ ಬೇಕು. ಇಲ್ಲಿಂದ ಇನ್ನೂರ ಎಂಬತ್ತು ಮೈಲಿ ಡ್ರೈವ್ ಮಾಡ್ಕೊಂಡು ಹೋಗಿ ನಾವ್ಯಾರು ಅಂತ ಹೇಳ್ಕೊಳೋದು?" ಎಂದವರು, ಒಂಬತ್ತನೇ ಕಲಮನ್ನು ಬಹುಶಃ ಮೊದಲ ಸಲ ತೆರೆದು, ಗಟ್ಟಿಯಾಗಿ ಓದಿದರು. ಮೊದಲ ವಾಕ್ಯ ಓದುವಾಗ ಎಲ್ಲರ ಮುಖ ಬಾಡಿತ್ತು. ಎರಡನೆಯದು ಬಂದಾಗ ಪರದೆಯ ಮೇಲಿನ ಸಮಿತಿಯವರ ಚೌಕಟ್ಟುಗಳಲ್ಲೆಲ್ಲ ಕಳೆ ಬಂತು. ಯಾರು ಬರೆದರು ಇದನ್ನ, ಎಷ್ಟು ಚೆನ್ನಾಗಿದೆ ಎಂದು ಒಬ್ಬರು ಕೇಳಿದರು. ನಾನು ಮೈಕ್ ಮ್ಯೂಟ್ ಮಾಡಿಕೊಂಡೆ.

ಇನ್ನೊಬ್ಬರು ಹೇಳಿದರು, "ನಾವು ಗ್ರೀನ್ ಕಾರ್ಡ್‌ಗೆ ಅಪ್ಲೈ ಮಾಡಿದೀವಿ. ನಮ್ದು ವಿಶಿಷ್ಟ ಸ್ವರೂಪ ಅಂತ ಬರ್ಕೊಳಿ." ಒಬ್ಬರ ಮಗನಿಗೆ ಪರೀಕ್ಷೆ, ವಿಶಿಷ್ಟ ಸ್ವರೂಪ. ಒಬ್ಬರು ಅದೇ ಟೌನ್‌ಶಿಪ್ಪಿನಲ್ಲಿ ಮನೆ ಮಾರಲು ಇಟ್ಟಿದ್ದರು, ಅವರದಂತೂ ಬಹಳ ವಿಶಿಷ್ಟ. ನಾನು ಒಬ್ಬನಿಗಾಗಿ ಕೊರೆದ ಕಿಂಡಿಯಲ್ಲಿ ಇಡೀ ಊರೇ ನುಗ್ಗಿ ಹೋಯಿತು. ನನಗೆ ಮೈಯೆಲ್ಲ ಉರಿಯಿತು. ಆಕೆಯ ಹೆಸರು ಸಮಿತಿಯವರ ಹೆಸರುಗಳ ಹಾಗೆ ಇದ್ದಿದ್ದರೆ ಎಷ್ಟು ಜನ ಹೊರಡುತ್ತಿದ್ದರು ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ಕೇಳಲಿಲ್ಲ.

ಆಕೆ ಆ ಸಭೆಯಲ್ಲೇ ಇದ್ದಳು, ಮೂಲೆಯ ಚೌಕಟ್ಟಿನಲ್ಲಿ, ತಲೆಗೆ ಸೆರಗು ಹೊದ್ದು. ಎಲ್ಲರದೂ ಮುಗಿದ ಮೇಲೆ, "ಆತ್ರಿ. ಯಾರಿಗರ ಬರಾಕ ಆದ್ರ ಬರ್ರಿ," ಎಂದಳು.

ನಾನು ಹೊರಟೆ. ಜೂನ್ ತಿಂಗಳ ಒಂದು ಗುರುವಾರ, ಸಂಜೆ ಆರಕ್ಕೆ ವಿಚಾರಣೆ, ಅವರ ಗಂಟೆಯ ಆರು. ರಜೆ ಹಾಕಿ ಬೆಳಿಗ್ಗೆಯೇ ಲಿಸ್ಲ್ ಬಿಟ್ಟೆ. ಇಂಡಿಯಾನಾ ದಾಟುವವರೆಗೂ ದಾರಿಯುದ್ದಕ್ಕೂ ರಸ್ತೆ ರಿಪೇರಿ, ತೊಂಬತ್ತೊಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಸ್ಟೀರಿಂಗ್ ಹಿಡಿದು ಒಬ್ಬೊಬ್ಬರನ್ನೇ ಮನಸ್ಸಿನಲ್ಲಿ ತರಾಟೆಗೆ ತೆಗೆದುಕೊಂಡೆ. ಹೇಡಿಗಳು, ಉಂಡ ಮನೆಯ ಜಂತೆ ಎಣಿಸುವವರು, ಆಕೆಯ ರೊಟ್ಟಿ ತಿಂದು ಕೈ ಒರೆಸಿಕೊಂಡವರು. ನಾನೊಬ್ಬನೇ ಗಂಡಸು ಎನ್ನುವಷ್ಟಕ್ಕೆ ಬಂದಿದ್ದೆ. ಮೂರು ನಿಮಿಷದಲ್ಲಿ ಏನೇನು ಹೇಳಬೇಕೆಂದು ಎರಡು ಸಲ ಗಟ್ಟಿಯಾಗಿ ಹೇಳಿ ನೋಡಿದೆ, ಚೆನ್ನಾಗಿಯೇ ಬಂತು.

ಸಭಾಂಗಣದ ಬಾಗಿಲಲ್ಲಿ ಒಂದು ಮೇಜು, ಮೇಜಿನ ಮೇಲೆ ಹಳದಿ ಕಾರ್ಡುಗಳು. ಹೆಸರು, ವಿಳಾಸ, ವಿಷಯ. ಅದರ ಕೆಳಗೆ ಮೂರು ಚೌಕ: ಬೆಂಬಲ, ವಿರೋಧ, ತಟಸ್ಥ. ಎಲ್ಲಕ್ಕಿಂತ ಕೆಳಗೆ ಸಣ್ಣಕ್ಷರದಲ್ಲಿ, ಟೌನ್‌ಶಿಪ್ಪಿನ ಹೊರಗಿನವರೂ ಈ ಕಾರ್ಡನ್ನು ತುಂಬಬಹುದು ಎಂದಿತ್ತು. ಓದಿದೆ. ಸಣ್ಣಕ್ಷರ ಓದದೆ ಸಹಿ ಹಾಕುವವನಲ್ಲ ನಾನು, ನನ್ನ ಉದ್ಯೋಗವೇ ಅದು.

ಮೂರನೇ ಚೌಕಕ್ಕೆ ಗುರುತು ಹಾಕಿದೆ.

ಆಗ ನಾನು ನನಗೇ ಹೇಳಿಕೊಂಡ ಕಾರಣ ಕೇಳಿ. ಬೆಂಬಲ ಎಂದು ಹಾಕಿದರೆ ಇವನೂ ಆಕೆಯ ಕಡೆಯವನು ಎಂದು ತಳ್ಳಿಹಾಕುತ್ತಾರೆ, ಬಣ್ಣ ನೋಡಿದರೇ ಗೊತ್ತಾಗುತ್ತದೆ. ತಟಸ್ಥ ಎಂದು ಹಾಕಿ, ಎದ್ದು ನಿಂತು, ಇಪ್ಪತ್ತು ವರ್ಷ ಗುಣಮಟ್ಟ ಅಳೆದವನು ಹೇಳುತ್ತೇನೆ ಎಂದು ಶುರುಮಾಡಿದರೆ ಮಾತಿಗೆ ತೂಕ. ನಮ್ಮೂರಿನ ಪಂಚಾಯಿತಿ ಕಟ್ಟೆಯಲ್ಲಿ ಯಾರ ಕಡೆಗೂ ಸೇರದ ಹಿರಿಯನ ಮಾತಿಗೇ ಅಲ್ಲವೇ ಬೆಲೆ? ಎಂಥಾ ಜಾಣತನ ನೋಡಿ.

ವಿಚಾರಣೆ ಶುರುವಾಯಿತು. ಏಳು ಜನರ ಮಂಡಳಿ, ನಡುವೆ ಅಧ್ಯಕ್ಷೆ, ಕನ್ನಡಕಕ್ಕೆ ಸರ ಕಟ್ಟಿಕೊಂಡ ವಯಸ್ಸಾದ ಹೆಂಗಸು. ಮುಂದಿನ ಸಾಲಿನಲ್ಲಿ ರಾಣೆಬೆನ್ನೂರಿನಾಕೆ ಮತ್ತು ಆಕೆಯ ಗಂಡ. ನಾನು ಬಂದದ್ದನ್ನು ಕಂಡು ಆಕೆ ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ್ದಳು. ಅಧ್ಯಕ್ಷೆ ಕಾರ್ಡುಗಳನ್ನು ಮೂರು ಗುಡ್ಡೆ ಮಾಡಿ ಓದಿದಳು. ಬೆಂಬಲ ಎರಡು, ವಿರೋಧ ಒಂಬತ್ತು, ತಟಸ್ಥ ಒಂದು.

ಆಕೆ ಹಿಂತಿರುಗಿ ನನ್ನತ್ತ ನೋಡಿದಳು. ಎರಡು ಎಂದರೆ ಯಾರು ಯಾರು ಎಂದು ಎಣಿಸಲು ಬೆರಳೂ ಬೇಕಿರಲಿಲ್ಲ. ಗಂಡ ಎದ್ದು ಮಾತಾಡಿದ. ಎದುರುಮನೆಯ ಒಬ್ಬ ಬಿಳಿಯ ಮುದುಕಿ ಎದ್ದು, ಈಕೆಯ ರೊಟ್ಟಿ ತಿನ್ನಲು ಶುರುಮಾಡಿದಾಗಿನಿಂದ ನನ್ನ ಹೊಟ್ಟೆ ಸರಿಯಾಗಿದೆ ಎಂದಳು, ಜನ ನಕ್ಕರು. ಅಲ್ಲಿಗೆ ಬೆಂಬಲ ಮುಗಿಯಿತು. ಆಮೇಲೆ ಒಂಬತ್ತು ಜನ, ಒಬ್ಬೊಬ್ಬರಿಗೆ ಮೂರು ಮೂರು ನಿಮಿಷ. ಎಲ್ಲರೂ ಬಹಳ ಮರ್ಯಾದಸ್ಥರು, ಯಾರೂ ದನಿ ಏರಿಸಲಿಲ್ಲ. ನಮ್ಮ ಬಡಾವಣೆಗೆ ಒಂದು ವಿಶಿಷ್ಟ ಸ್ವರೂಪವಿದೆ, ಅದಕ್ಕೆ ಧಕ್ಕೆ ಬರಬಾರದು ಎಂದು ಒಬ್ಬರಾದ ಮೇಲೊಬ್ಬರು ಹೇಳಿದರು. ನನ್ನ ವಾಕ್ಯವನ್ನೇ ಓದುತ್ತಿದ್ದಾರೇನೋ ಅನ್ನಿಸಿ ಕುರ್ಚಿಯಲ್ಲಿ ಮುದುರಿಕೊಂಡೆ.

ನನ್ನ ಸರದಿ ಈಗ ಎಂದು ಅಂಗಿ ಸರಿಮಾಡಿಕೊಂಡು ಕೈ ಎತ್ತಿದೆ. ಅಧ್ಯಕ್ಷೆ ಕನ್ನಡಕದ ಮೇಲಿನಿಂದ ನೋಡಿ, ನೀವು ತಟಸ್ಥ ಎಂದು ಗುರುತು ಹಾಕಿದ್ದೀರಿ ಸರ್, ತಟಸ್ಥರನ್ನು ನಾವು ಕರೆಯುವುದಿಲ್ಲ, ಕಾರ್ಡನ್ನು ಕಡತಕ್ಕೆ ಸೇರಿಸುತ್ತೇವೆ, ಬಂದದ್ದಕ್ಕೆ ಧನ್ಯವಾದ ಎಂದಳು. ಇಡೀ ಸಭಾಂಗಣ ತಿರುಗಿ ನೋಡಿತು. ಆಕೆಯೊಬ್ಬಳು ಮಾತ್ರ ತಿರುಗಲಿಲ್ಲ. ನಾನು ಎದ್ದು, ಇಲ್ಲ, ನಾನು ಬೆಂಬಲ, ಗುರುತು ತಪ್ಪಾಯಿತು ಎನ್ನಬಹುದಿತ್ತು. ಐದು ಪದ. ನಾನು ಕೈ ಇಳಿಸಿ ಕೂತೆ.

ಮತಕ್ಕೆ ಹಾಕಿದರು. ಪರವಾಗಿ ಮೂರು, ವಿರುದ್ಧ ನಾಲ್ಕು. ವಿರುದ್ಧವಾಗಿ ಕೊನೆಗೆ ಕೈ ಎತ್ತಿದ ಸದಸ್ಯನೊಬ್ಬ, ನನಗೆ ಒಪ್ಪಿಗೆ ಕೊಡುವ ಮನಸ್ಸಿತ್ತು, ಆದರೆ ಮನೆಯವರನ್ನು ಬಿಟ್ಟರೆ ಆಕೆಯ ಪರವಾಗಿ ಒಬ್ಬರೇ ಬಂದಿದ್ದಾರೆ, ಏನು ಮಾಡಲಿ ಎಂದ.

ಪಾರ್ಕಿಂಗಿನಲ್ಲಿ ಇನ್ನೂ ಬಿಸಿಲಿತ್ತು. ಆಕೆ ಗಂಡನನ್ನು ಕಾರಿನ ಹತ್ತಿರ ನಿಲ್ಲಿಸಿ ನನ್ನ ಬಳಿ ಬಂದಳು. ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ.

"ದಾರ್ಯಾಗ ತಿನ್ರಿ ಅಣ್ಣಾರ. ಅಷ್ಟು ದೂರದಿಂದ ನೀವರ ಬಂದ್ರಲ್ಲ."

ನಾನು ಎರಡೂ ಕೈಯಿಂದ ಗಂಟು ತೆಗೆದುಕೊಂಡೆ.

"ನೀವು ಈ ಊರಾಗಿನವ್ರಲ್ಲಲ್ರಿ. ಬೆಂಬಲ ಅಂತ ಹಾಕಾಕ ನಿಮಗ ಬರ್ತಿರಲಿಕ್ಕಿಲ್ಲ. ಹೌದಲ್ರಿ?"

"ಹೌದಮ್ಮ," ಎಂದೆ. ಇಷ್ಟು ಸಲೀಸಾಗಿ ನಾನು ಎಂದೂ ಸುಳ್ಳು ಹೇಳಿರಲಿಲ್ಲ.

ಆನ್ ಆರ್ಬರ್ ದಾಟಿದ ಮೇಲೆ ವಿಶ್ರಾಂತಿ ತಾಣವೊಂದರಲ್ಲಿ ಕಾರು ನಿಲ್ಲಿಸಿದೆ. ಮಗಳ ಫೋನ್ ಬಂತು. ಏನಾಯಿತು ಎಂದು ಕೇಳಿದಳು. ಅವಳಿಗೆ ನಿಜ ಹೇಳಿದೆ, ತೂಕದ ಮಾತು, ಪಂಚಾಯಿತಿ ಕಟ್ಟೆ ಎಲ್ಲವನ್ನೂ ಸೇರಿಸಿ. ಅವಳು ತಡೆದು, "ಅಪ್ಪ, ನಿಜವಾಗಲೂ ಅದಕ್ಕಾ?" ಎಂದಳು.

ಅದಕ್ಕಲ್ಲ. ಕಾರ್ಡು ತುಂಬುವ ಸರದಿಯಲ್ಲಿ ನನ್ನ ಮುಂದೆ ನಿಂತಿದ್ದವನು ದಪ್ಪ ಮೀಸೆಯ, ನಗುಮುಖದ ಮನುಷ್ಯ. ಇವತ್ತು ಎಂಥ ಸೆಖೆ ಎಂದು ಮಾತಾಡಿಸಿದ. ವಿರೋಧ ಎಂದು ಗುರುತು ಹಾಕಿದ ಕಾರ್ಡು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ತನ್ನ ಪೆನ್ನನ್ನು ನನಗೆ ಕೊಟ್ಟು, ವಾಪಸು ತೆಗೆದುಕೊಳ್ಳಲು ಪಕ್ಕದಲ್ಲೇ ನಿಂತ. ಅವನ ಪೆನ್ನಿನಿಂದ, ಅವನ ಕಣ್ಣೆದುರಿಗೆ, ಬೆಂಬಲ ಎಂದು ಹಾಕಲು ನನ್ನ ಕೈ ಏಳಲಿಲ್ಲ. ಅಷ್ಟೇ. ಮುಂದೆಂದೂ ಕಾಣದ, ಹೆಸರೂ ಗೊತ್ತಿಲ್ಲದ ಒಬ್ಬನ ದಾಕ್ಷಿಣ್ಯ.

ಮಗಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಆ ದೇಶಗಳು ತಟಸ್ಥ ಅಂತ ಮೊದಲೇ ಹೇಳಿರ್ತಾವೆ ಅಪ್ಪ. ಯಾಕೆ, ಎಷ್ಟರ ಮಟ್ಟಿಗೆ, ಎಲ್ಲ ಬರೆದಿಟ್ಟಿರ್ತಾವೆ. ಪಕ್ಕದವರು ಅವರನ್ನ ಲೆಕ್ಕಕ್ಕೆ ಇಟ್ಕೊಂಡಿರೋದಿಲ್ಲ. ಆಕೆ ನಿನ್ನನ್ನ ಲೆಕ್ಕಕ್ಕೆ ಇಟ್ಕೊಂಡಿದ್ದರು," ಎಂದಳು.

ಮನೆ ಸೇರುವ ಹೊತ್ತಿಗೆ ಒಕ್ಕೂಟದ ಗುಂಪಿನಲ್ಲಿ ಆಕೆಯ ಸಂದೇಶವಿತ್ತು. "ಪರವಾನಗಿ ಸಿಗಲಿಲ್ರಿ. ಲಿಸ್ಲಿನ ಅಣ್ಣಾರು ಬಂದಿದ್ರು." ಅದರ ಕೆಳಗೆ ಅಧ್ಯಕ್ಷರು, ಒಕ್ಕೂಟದ ಪರವಾಗಿ ಪ್ರತಿನಿಧಿ ಹಾಜರಿದ್ದುದಕ್ಕೆ ಅಭಿನಂದನೆ, ಒಂಬತ್ತನೇ ಕಲಮಿನ ಕರ್ತವ್ಯ ನೆರವೇರಿದೆ ಎಂದು ಬರೆದಿದ್ದರು. ನನಗೆ ನಲವತ್ತು ಚಪ್ಪಾಳೆ. ಫೋನನ್ನು ಎತ್ತಿ ಗೋಡೆಗೆ ಬಡಿಯಬೇಕೆನಿಸಿತು. ರೊಟ್ಟಿ ಗಂಟಿನಲ್ಲೇ ಇತ್ತು. ಹೆಂಡತಿ ಬಿಚ್ಚಿ, ಎಷ್ಟು ತೆಳ್ಳಗೆ ಮಾಡಿದಾರೆ ನೋಡಿ ಎಂದಳು.

ನಾಲ್ಕು ದಿನ ತಡೆದೆ. ಐದನೇ ದಿನ ಮಧ್ಯಾಹ್ನ, ಊಟದ ವಿರಾಮದಲ್ಲಿ, ಆಫೀಸಿನ ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತು ಆಕೆಗೆ ಫೋನ್ ಮಾಡಿದೆ. ಹಿಂದೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು, ನನ್ನ ದನಿ ಕೇಳಿ ನಿಂತಿತು.

"ಅಮ್ಮಾ, ಆವತ್ತು ನಾನು ಸುಳ್ಳು ಹೇಳ್ದೆ. ಆ ಕಾರ್ಡಲ್ಲಿ ಹೊರಗಿನವ್ರೂ ಬೆಂಬಲ ಅಂತ ಹಾಕ್ಬಹುದಿತ್ತು. ಓದಿದ್ದೆ. ಓದಿಯೂ ಹಾಕ್ಲಿಲ್ಲ."



"ಗೊತ್ತೈತ್ರಿ ಅಣ್ಣಾರ," ಎಂದಳು. "ಆ ಕಾರ್ಡ್ ನಾನೂ ಓದೀನ್ರಿ."

ಆಮೇಲೆ, ನಿಮ್ಮಲ್ಲಿ ಈಗ ಊಟದ ಹೊತ್ತಿರಬೇಕು, ಉಣ್ಣಾಕ ಹೋಗ್ರಿ ಎಂದು ಫೋನ್ ಇಟ್ಟಳು.